ನಲವತ್ತು ಡಿಗ್ರಿ

ದೆಹಲಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಬಸವರಾಜ ಕಂಡ ಹಗಲು ಕಡಿಮೆ. ವಸಂತ್ ಕುಂಜ್ ದಾಟಿದ ಮೇಲೆ ಸಿಗುವ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವನ ಕೋಣೆ. ಅದಕ್ಕೆ ಕಿಟಕಿ ಇಲ್ಲ, ಇಡಲೂಬಾರದು. ನಡುವೆ ನಿಂತಿರುವ ಆಳೆತ್ತರದ ಉಕ್ಕಿನ ಪ್ರೆಸ್ಸು ಎಂದಾದರೂ ಸಿಡಿದರೆ ಚೂರುಗಳು ಗೋಡೆಯಲ್ಲೇ ನಾಟಿಕೊಳ್ಳಬೇಕು, ಹೊರಗೆ ಹೋಗುವವರ ಮೈಗಲ್ಲ. ಹೊರಗೆ ವಿಮಾನಗಳು ಇಳಿಯುವ ಸದ್ದು ಮಾತ್ರ ಅಲ್ಲಿಯವರೆಗೆ ಬರುತ್ತದೆ, ಅದೂ ನೆಲದ ನಡುಕವಾಗಿ.

ಅವನ ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಗಾರ. ಬೆಳಗ್ಗೆ ಕತ್ತಲೆಗೆ ಇಳಿದು ಸಂಜೆ ಕತ್ತಲಾದ ಮೇಲೆ ಹತ್ತಿ ಬರುವ ಆ ಬದುಕು ತನಗೆ ಬೇಡವೆಂದು ಹಟ ಹಿಡಿದು ಬಸವರಾಜ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತ. ಹಟ್ಟಿಗೆ ಕಲ್ಲು ನೋಡಲು ಬಂದಿದ್ದ ಪ್ರೊಫೆಸರರೊಬ್ಬರು ಅವನ ಕೈಚಳಕ ಕಂಡು ದೆಹಲಿಗೆ ಕರೆಸಿಕೊಂಡರು. ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ಒಂದು ವಾರ ಉಂಡು ಮಲಗಿ, ಎಂಟನೆಯ ದಿನ ಕೆಲಸಕ್ಕೆ ಹಾಜರಾದ. ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತ ಅಪ್ಪ ನೆನಪಾಗಿ ಒಬ್ಬನೇ ನಕ್ಕಿದ್ದನಂತೆ. ಕೇಳಿದವರಿಗೆ ಈಗಲೂ ಅದನ್ನು ಹೇಳುತ್ತಾನೆ.

ಆ ಪ್ರೆಸ್ಸಿನ ಕೆಲಸ ಭೂಮಿಯ ಹೊಟ್ಟೆಯನ್ನು ಇಲ್ಲಿ ತಂದು ತೋರಿಸುವುದು. ಬತ್ತದ ಕಾಳಿಗಿಂತ ತುಸು ದಪ್ಪದ ಚಿನ್ನದ ಕೊಳವೆಯೊಳಗೆ ಒಂದು ಚಿಟಿಕೆ ಕಲ್ಲಿನ ಪುಡಿ ಮತ್ತು ಒಂದು ಹನಿ ನೀರು ಹಾಕಿ, ಎರಡೂ ಬಾಯಿ ಬೆಸೆಯಬೇಕು. ಬೆಸೆಯುವಾಗ ಚಿನ್ನ ಕರಗಬೇಕು, ಒಳಗಿನ ನೀರು ಆವಿಯಾಗಬಾರದು. ಸೂಕ್ಷ್ಮದರ್ಶಕದ ಕೆಳಗೆ ಉಸಿರು ಬಿಗಿಹಿಡಿದು ಬಸವರಾಜ ಅದನ್ನು ಮಾಡುತ್ತಿದ್ದ. ಆಮೇಲೆ ಆ ಕಾಳನ್ನು ಉಪ್ಪಿನ ಕವಚದಲ್ಲಿ ಹುದುಗಿಸಿ, ಪ್ರೆಸ್ಸಿನಲ್ಲಿಟ್ಟು, ಎಂಬತ್ತು ಕಿಲೋಮೀಟರ್ ಆಳದಲ್ಲಿರುವಷ್ಟು ಒತ್ತಡ ಕೊಟ್ಟು, ಕಾಯಿಸಿ, ಹತ್ತು ದಿನ ಹಾಗೆಯೇ ಹಿಡಿದಿಡಬೇಕು. ಆ ಹತ್ತು ದಿನಕ್ಕೆ ಒಂದು ರನ್ ಎಂದು ಹೆಸರು. ರನ್ ಮುಗಿದು ಕೊಳವೆ ಒಡೆದಾಗ ಖನಿಜ ಉಳಿದಿದೆಯೋ, ಮುರಿದು ಬೇರೊಂದಾಗಿದೆಯೋ ನೋಡುವುದು. ಒಂದು ಖನಿಜ ಎಷ್ಟು ಬಿಸಿಯವರೆಗೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ಹೀಗೆ ಬಿಂದು ಬಿಂದುವಾಗಿ ಗೆರೆ ಎಳೆಯುತ್ತಾರೆ.

ಈಗ ಆ ಗೆರೆ ಎಳೆಯುತ್ತಿದ್ದವಳು ಚಿನ್ಮಯಿ. ಚಿತ್ರದುರ್ಗದ ಹುಡುಗಿ, ಪಿಎಚ್‌ಡಿಗೆ ಸೇರಿ ಏಳನೆಯ ವರ್ಷ. ಅವಳ ಖನಿಜದ ಹೆಸರು ಲಾಸೋನೈಟ್. ನೂರಕ್ಕೆ ಹನ್ನೊಂದು ಪಾಲು ನೀರನ್ನು ತನ್ನ ಹರಳಿನೊಳಗೇ ಹೊತ್ತುಕೊಂಡು ಭೂಮಿಯ ಆಳಕ್ಕೆ ಇಳಿಯುವ ಕಲ್ಲು ಅದು. ತಾಳಲಾರದ ಬಿಸಿ ಮುಟ್ಟಿದಾಗ ಮುರಿದು ಆ ನೀರನ್ನೆಲ್ಲ ಬಿಟ್ಟುಬಿಡುತ್ತದೆ. ಆ ಒತ್ತಡದಲ್ಲಿ ಅದು ಏಳುನೂರು ಡಿಗ್ರಿಯ ಹೊತ್ತಿಗೆ ಮುರಿಯುತ್ತದೆಂದು ಹಿಂದಿನವರು ಬರೆದಿಟ್ಟಿದ್ದರು. ಚಿನ್ಮಯಿಯ ನಲವತ್ತೆರಡು ರನ್‌ಗಳು ಆರುನೂರ ಅರವತ್ತು ಎಂದವು. ನೀರು ಅಷ್ಟು ಬೇಗ ಹೊರಬರುವುದಾದರೆ ಆಳದ ಭೂಕಂಪಗಳ ಲೆಕ್ಕವೇ ಬೇರೆಯಾಗಬೇಕಿತ್ತು. ಅವಳ ಪ್ರಬಂಧ ನಿಂತಿದ್ದುದು ಆ ನಲವತ್ತು ಡಿಗ್ರಿಯ ಮೇಲೆ. ಮಾರ್ಗದರ್ಶಕ ಪ್ರೊಫೆಸರ್ ಚಂದ್ರಮೋಹನರು ಅದನ್ನೇ ಲೇಖನವಾಗಿಸಿ ದೊಡ್ಡ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಜೂನ್ ಕೊನೆಯ ಶುಕ್ರವಾರ ವಿಭಾಗದ ಎದುರು ಅವಳು ಕೊನೆಯ ಸೆಮಿನಾರ್ ಕೊಡಬೇಕು, ಕೊಟ್ಟರೆ ಬಿಡುಗಡೆ. ಫೆಲೋಶಿಪ್ ನಿಂತು ಎರಡು ವರ್ಷವಾಗಿತ್ತು. ಶನಿವಾರ ಭಾನುವಾರ ಲಕ್ಷ್ಮೀ ನಗರದ ಕೋಚಿಂಗ್ ಸೆಂಟರಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದಳು. ಅಲ್ಲೇ ಎರಡು ಗಲ್ಲಿ ಆಚೆ ಮೂರನೆಯ ಮಹಡಿಯಲ್ಲಿ ಬಸವರಾಜನ ಬಾಡಿಗೆ ಮನೆ. ಭಾನುವಾರ ಮಧ್ಯಾಹ್ನ ಅವಳ ಊಟ ಅಲ್ಲಿ, ಕೇಳುವ ಹೇಳುವ ಮಾತೇ ಇರಲಿಲ್ಲ.

ಬಸವರಾಜನಿಗೂ ಬಿಡುಗಡೆ ಹತ್ತಿರವಿತ್ತು. ಜುಲೈ ಕೊನೆಗೆ ನಿವೃತ್ತಿ. ಹೆಂಡತಿ ಸುಶೀಲಾ ಧಾರವಾಡದಲ್ಲಿ ಅಕ್ಕನ ಮನೆಯ ಎದುರೇ ಒಂದು ಮನೆ ಗೊತ್ತುಮಾಡಿ, ಪಾತ್ರೆ ಪಡಗಗಳನ್ನು ರಟ್ಟಿನ ಡಬ್ಬಿಗಳಿಗೆ ತುಂಬತೊಡಗಿದ್ದಳು.

ಜೂನ್ ತಿಂಗಳ ಒಂದು ಸೋಮವಾರ. ಚಿನ್ಮಯಿಯ ನಲವತ್ತಮೂರನೆಯ ರನ್‌ಗೆ ಆರನೆಯ ದಿನ. ಪಕ್ಕದ ಚಿಕ್ಕ ಪ್ರೆಸ್ಸಿಗೆ ಹೊಸ ಕಂಟ್ರೋಲರ್ ಬಂದಿತ್ತು. ಬಿಸಿಯನ್ನು ಅಳೆದು ಹತೋಟಿಯಲ್ಲಿಡುವ, ಅಂಗೈಯಗಲದ ಪೆಟ್ಟಿಗೆ. ಕೊಳವೆಯ ಪಕ್ಕದಲ್ಲಿ ಎರಡು ಪ್ಲಾಟಿನಂ ತಂತಿಗಳ ತುದಿ ಕೂಡಿಸಿ ಇಟ್ಟಿರುತ್ತಾರೆ, ಕಾದಷ್ಟೂ ಅವುಗಳಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಪೆಟ್ಟಿಗೆ ಅದನ್ನು ಓದಿ ಡಿಗ್ರಿಯಲ್ಲಿ ಹೇಳುತ್ತದೆ. ಎರಡರಲ್ಲಿ ಒಂದು ತಂತಿಗೆ ರೋಡಿಯಂ ಬೆರೆಸಿರುತ್ತದೆ, ಕೆಲವದಕ್ಕೆ ನೂರಕ್ಕೆ ಹತ್ತು, ಕೆಲವದಕ್ಕೆ ಹದಿಮೂರು. ಕಣ್ಣಿಗೆ ಎರಡೂ ಒಂದೇ. ಈ ಕೋಣೆಯಲ್ಲಿ ಮೊದಲಿನಿಂದ ಬಳಸುವುದು ಹತ್ತರ ತಂತಿ, ಪೆಟ್ಟಿಗೆಗೂ ಹಾಗೆಂದು ತಿಳಿಸಬೇಕು. ಬಸವರಾಜ ಕನ್ನಡಕ ಏರಿಸಿಕೊಂಡು ಹೊಸ ಪೆಟ್ಟಿಗೆಯ ಒಳಪುಟ ತೆರೆದ. ಕಾರ್ಖಾನೆಯಲ್ಲೇ ಅದನ್ನು ಹದಿಮೂರರ ತಂತಿಗೆ ಹೊಂದಿಸಿ ಕಳಿಸಿದ್ದರು. ಬದಲಿಸಿದ. ಬದಲಿಸಿದ ಬೆರಳು ಗುಂಡಿಯ ಮೇಲೇ ನಿಂತಿತು.

ಐದು ವರ್ಷದ ಹಿಂದೆ, ಮಳೆಗಾಲದಲ್ಲಿ ಕರೆಂಟಿನ ಹೊಡೆತಕ್ಕೆ ದೊಡ್ಡ ಪ್ರೆಸ್ಸಿನ ಹಳೆಯ ಕಂಟ್ರೋಲರ್ ಸುಟ್ಟುಹೋಗಿತ್ತು. ಇದೇ ಕಂಪನಿಯ ಪೆಟ್ಟಿಗೆಯನ್ನು ತಾನೇ ಕೂರಿಸಿದ್ದ. ಆಗ ಇದನ್ನು ಬದಲಿಸಿದ ನೆನಪು ಇದೆಯೇ?

ಎಷ್ಟು ಹುಡುಕಿದರೂ ಇರಲಿಲ್ಲ. ಚಹಾದ ಕೆಟಲಿನಲ್ಲಿ ನೀರು ಕುದಿಸಿ, ತಂತಿಯ ತುದಿ ಅದ್ದಿ, ಪೆಟ್ಟಿಗೆ ನೂರು ತೋರಿಸಿದಾಗ ಚಿನ್ಮಯಿಯ ಕಡೆ ತಿರುಗಿ, "ನೋಡಮ್ಮ, ಬಸವರಾಜನ ಡಿಗ್ರಿ ಅಂದ್ರೆ ಡಿಗ್ರಿ" ಎಂದಿದ್ದು ಮಾತ್ರ ನೆನಪಿತ್ತು.

ದೊಡ್ಡ ಪ್ರೆಸ್ಸಿನ ಮುಂದೆ ಹೋಗಿ ನಿಂತ. ವಿದ್ಯಾರ್ಥಿಗಳು ಕೈಯಾಡಿಸದಿರಲೆಂದು ಆ ಪೆಟ್ಟಿಗೆಯ ಒಳಪುಟಕ್ಕೆ ಅವನೇ ಗುಪ್ತಸಂಖ್ಯೆ ಹಾಕಿದ್ದ. ಅದು ಅವನೊಬ್ಬನಿಗೇ ಗೊತ್ತು. ಒತ್ತಿದ. ಹದಿಮೂರು ಎಂದಿತು.

ಸರಿಪಡಿಸುವಂತೆಯೂ ಇರಲಿಲ್ಲ. ರನ್ ನಡುವೆ ಬದಲಿಸಿದರೆ ಬಿಸಿ ಒಮ್ಮೆಗೇ ಜಗ್ಗುತ್ತದೆ, ಆರು ದಿನದ ಕೆಲಸ ಹಾಳು. ಪುಟ ಮುಚ್ಚಿದ. ಪರದೆಯ ಮೇಲೆ ಕೆಂಪು ಅಂಕಿಗಳು ಆರುನೂರ ಅರವತ್ತು ಎಂದು ನಿಶ್ಚಲವಾಗಿ ಉರಿಯುತ್ತಿದ್ದವು.

ಸಂಜೆ ಮೆಟ್ರೋದಲ್ಲಿ ನಿಂತೇ ಬಂದವನು ಬಟ್ಟೆ ಬದಲಿಸದೆ ಹಳೆಯ ಕೈಪಿಡಿ ತೆಗೆದು ಕೂತ. ಯಾವ ತಂತಿ ಯಾವ ಬಿಸಿಗೆ ಎಷ್ಟು ವಿದ್ಯುತ್ ಕೊಡುತ್ತದೆಂಬ ಪಟ್ಟಿಗಳು ಅದರ ಕೊನೆಯಲ್ಲಿದ್ದವು. ನೂರು ಡಿಗ್ರಿಯ ಸಾಲಿನಲ್ಲಿ ಎರಡೂ ತಂತಿಗಳ ಅಂಕಿ ಹೆಚ್ಚುಕಡಿಮೆ ಒಂದೇ. ಅಲ್ಲಿಂದ ಮುಂದೆ ಅಕ್ಕಪಕ್ಕ ನಡೆಯುವವರು ಮಾತು ಮುರಿದಂತೆ ಸ್ವಲ್ಪಸ್ವಲ್ಪವೇ ದೂರವಾಗುತ್ತ ಹೋಗಿದ್ದವು. ಕುದಿಯುವ ನೀರು ಅವನಿಗೆ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದುದೇ ನೂರರವರೆಗೆ. ಹದಿಮೂರರ ಪಟ್ಟಿಯಲ್ಲಿ ಆರುನೂರ ಅರವತ್ತರ ಎದುರಿನ ಅಂಕಿಯ ಮೇಲೆ ಬೆರಳಿಟ್ಟು, ಅದೇ ಅಂಕಿಯನ್ನು ಹತ್ತರ ಪಟ್ಟಿಯಲ್ಲಿ ಹುಡುಕಿದ. ಏಳುನೂರರ ಎದುರು ಸಿಕ್ಕಿತು. ಪೆಟ್ಟಿಗೆ ಆರುನೂರ ಅರವತ್ತು ಎಂದಾಗಲೆಲ್ಲ ಒಳಗಿದ್ದುದು ಏಳುನೂರು.

ಚಿನ್ಮಯಿಯ ನಲವತ್ತು ಡಿಗ್ರಿ ಅಷ್ಟೇ ಆಗಿತ್ತು.

"ರಿಟೈರ್ ಆಗೋರು ಯಾವ ಪರೀಕ್ಷೆಗೆ ಓದ್ತಿದ್ದೀರಿ?" ಸುಶೀಲಾ ಡಬ್ಬಿಗೆ ಟೇಪ್ ಅಂಟಿಸುತ್ತ ಕೇಳಿದಳು. "ಎದುರುಗಡೆ ಕೋಚಿಂಗ್‌ಗೆ ಸೇರ್ಕೊಳ್ಳಿ. ಐಎಎಸ್ ಮಾಡಿಸ್ತಾರಂತೆ."

ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗಳು ಹರ್ಷಿಣಿ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಛೋಡೋ ನಾ. ಪಪ್ಪಾ ಮೂಡ್ ಸರಿ ಇಲ್ಲ," ಎಂದಳು.

"ಮೂಡಂತೆ. ಊಟಕ್ಕೆ ಏಳಿ."

ಬಸವರಾಜ ಎದ್ದ. ಉಂಡ. ಏನು ಉಂಡೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಂಗಳವಾರ, ಬುಧವಾರ, ಗುರುವಾರ. ರನ್ ನಡೆಯುತ್ತಿರುವಾಗ ಆ ಕೋಣೆ ಬಿಟ್ಟು ದೂರ ಹೋಗುವಂತಿಲ್ಲ. ಗಂಟೆಗೊಮ್ಮೆ ಒತ್ತಡ ನೋಡಬೇಕು, ಇಳಿದಿದ್ದರೆ ಎಣ್ಣೆಯ ಪಂಪನ್ನು ಎರಡು ಸಲ ಜಗ್ಗಬೇಕು, ತಂಪು ನೀರು ಹರಿಯುತ್ತಿದೆಯೇ ಕಿವಿಯಿಟ್ಟು ಕೇಳಬೇಕು. ಮೇಲೆ ನಲವತ್ತೈದು ಡಿಗ್ರಿಯ ಬಿಸಿಲು, ಕೆಳಗೆ ಅವನು, ಎದುರಿಗೆ ಆ ಕೆಂಪು ಅಂಕಿ. ಅದರ ಕಡೆ ಬೆನ್ನು ಹಾಕಿ ಕೂತರೂ ಅದು ಬೆನ್ನಿಗೆ ತಾಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಗುವುದೇನು ಎಂದು ಲೆಕ್ಕ ಹಾಕಿದ. ಗುಪ್ತಸಂಖ್ಯೆ ಅವನೊಬ್ಬನ ತಲೆಯಲ್ಲಿದೆ. ರನ್ ಮುಗಿದ ಮೇಲೆ ಸರಿಪಡಿಸಿಬಿಟ್ಟರೆ ಯಾರಿಗೂ ತಿಳಿಯದು. ಚಿನ್ಮಯಿ ಡಾಕ್ಟರ್ ಆಗುತ್ತಾಳೆ, ಅವನು ಧಾರವಾಡದ ರೈಲು ಹತ್ತುತ್ತಾನೆ. ಮುಂದೆ ಯಾವ ದೇಶದಲ್ಲೋ ಯಾರೋ ಇದೇ ಪ್ರಯೋಗ ಮಾಡಿ, ಈ ಹುಡುಗಿಯ ಅಂಕಿ ತಪ್ಪು ಎಂದು ಬರೆಯುತ್ತಾರೆ. ಆಗ ಅವಳ ಪಕ್ಕದಲ್ಲಿ ಇವನು ಇರುವುದಿಲ್ಲ.

ಗುರುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದು ಕುಣಿಯುತ್ತಲೇ ಮೆಟ್ಟಿಲು ಇಳಿದು ಬಂದಳು.

"ಅಂಕಲ್, ಒಂದು ಸಲ ಕೇಳಿಸ್ಕೊಳ್ಳಿ. ಸೆಮಿನಾರ್ ಪ್ರಾಕ್ಟೀಸು. ನಿದ್ದೆ ಬಂದ್ರೆ ಹೇಳಿ, ಆ ಸ್ಲೈಡ್ ತೆಗೆದುಹಾಕ್ತೀನಿ."

ಅವಳು ಹೇಳಿದಳು, ಅವನು ಕೇಳಿದ. ನಾಲ್ಕನೆಯ ಚಿತ್ರದಲ್ಲಿ ಹಿಂದಿನವರ ಗೆರೆ ಕಪ್ಪು, ಅವಳದು ನೀಲಿ. ಎರಡರ ನಡುವಿನ ಬಯಲಿಗೆ ತಿಳಿ ಹಳದಿ ಬಣ್ಣ ತುಂಬಿದ್ದಳು.

"ಇದೇ ನನ್ನ ಜಾಗ," ಎಂದು ನಕ್ಕಳು. "ಏಳು ವರ್ಷಕ್ಕೆ ಇಷ್ಟು ಜಾಗ ಸಿಕ್ತು. ದೆಹಲಿಯಲ್ಲಿ ಇದೇ ಜಾಸ್ತಿ ಅಲ್ವಾ?" ಆಮೇಲೆ ಅವನ ಮುಖ ನೋಡಿ, "ಯಾಕೆ ಅಂಕಲ್, ಚೆನ್ನಾಗಿಲ್ವಾ?" ಎಂದಳು.

"ಚೆನ್ನಾಗಿದೆ," ಎಂದ ಬಸವರಾಜ. ಆ ಮಾತು ಹೇಳಿದ ಮೇಲೆ ಇನ್ನು ಸುಮ್ಮನಿರಲಾಗದು ಎಂದು ಅವನಿಗೆ ಗೊತ್ತಾಯಿತು.

ಮರುದಿನ ಶುಕ್ರವಾರ, ಸೆಮಿನಾರಿಗೆ ಇನ್ನೂ ಒಂದು ವಾರ. ಹನ್ನೊಂದಕ್ಕೆ ರನ್ ಮುಗಿಸಬೇಕು. ಕರೆಂಟು ಕಡಿದರೆ ಸಾಕು, ಬಿಸಿ ಕೆಲವೇ ಸೆಕೆಂಡುಗಳಲ್ಲಿ ಇಳಿದುಬಿಡುತ್ತದೆ, ಒಳಗೆ ಆದದ್ದೆಲ್ಲ ಆದಂತೆಯೇ ಹೆಪ್ಪುಗಟ್ಟುತ್ತದೆ. ಗುಂಡಿ ಒತ್ತುವುದು ಯಾವಾಗಲೂ ಚಿನ್ಮಯಿಯೇ. ಒತ್ತಿದಳು. ಅಂಕಿಗಳು ಜಾರಿ ಬಿದ್ದವು. ಒತ್ತಡ ಇಳಿಸುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಸವರಾಜ ಹೇಳಿದ, "ಚಿನ್ಮಯಿ, ಆ ಸ್ಟೂಲ್ ಮೇಲೆ ಕೂತ್ಕೊ."

ಇದ್ದದ್ದನ್ನು ಇದ್ದಂತೆ ಹೇಳಿದ. ಒಂದು ಕೈ ತಿರುಪಿನ ಮೇಲಿಟ್ಟೇ ಇನ್ನೊಂದರಿಂದ ಪೆಟ್ಟಿಗೆಯ ಒಳಪುಟ ತೆರೆದು ತೋರಿಸಿದ. ಮನೆಯಿಂದ ತಂದಿದ್ದ ಕೈಪಿಡಿಯ ಪಟ್ಟಿಗಳ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಎರಡೂ ಪಟ್ಟಿಗಳನ್ನು ತಾನೇ ಇನ್ನೊಮ್ಮೆ ಓದಿದಳು. ಮುಗಿದ ಮೇಲೆ ಕೇಳಿದಳು, "ಬೇರೆ ಯಾರಿಗೆ ಗೊತ್ತು?"

"ನಂಗೆ. ಈಗ ನಿಂಗೆ."

"ನಂಗ್ಯಾಕೆ ಹೇಳಿದ್ರಿ?"

ಈ ಪ್ರಶ್ನೆ ಬರುವುದೆಂದು ಅವನು ಎಣಿಸಿರಲಿಲ್ಲ. "ನಿನ್ನ ಕೆಲಸ ಅಲ್ವೇನಮ್ಮ, ಮೊದಲು ನಿಂಗೇ..."

"ಸೋಮವಾರದಿಂದ ಗೊತ್ತಿತ್ತು ನಿಮ್ಗೆ. ನಿನ್ನೆ ಚೆನ್ನಾಗಿದೆ ಅಂದ್ರಿ." ಅವಳ ದನಿ ಏರಲಿಲ್ಲ, ತೆಳುವಾಯಿತು. "ನೀವು ಸೀದಾ ಸರ್ ಹತ್ರ ಹೋಗಿದ್ರೆ ಅದು ನಿಮ್ಮ ತಪ್ಪು ಆಗ್ತಿತ್ತು. ಏನೂ ಹೇಳದೆ ಊರಿಗೆ ಹೋಗಿದ್ರೆ ಯಾರ ತಪ್ಪೂ ಆಗ್ತಿರಲಿಲ್ಲ. ಈಗ ನಾನು ಬಾಯಿ ಮುಚ್ಕೊಂಡು ಸೆಮಿನಾರ್ ಕೊಟ್ರೆ ಕಳ್ಳಿ ನಾನು. ಬಾಯಿ ಬಿಟ್ರೆ ಏಳು ವರ್ಷ ಹೋಯ್ತು. ನೀವು ನಿಮ್ಮ ಭಾರ ಇಳಿಸ್ಕೊಂಡ್ರಿ, ಅಂಕಲ್. ನನ್ನನ್ನ ಒಳಗೆ ಹಾಕಿ ಬಾಗಿಲು ಹಾಕಿದ್ರಿ."

ಬಸವರಾಜ ತಿರುಪು ಹಿಡಿದು ನಿಂತೇ ಇದ್ದ. ಒತ್ತಡ ಪೂರ್ತಿ ಇಳಿಯುವವರೆಗೆ ಕೈ ಬಿಡುವಂತಿರಲಿಲ್ಲ, ಅವಳ ಹತ್ತಿರ ಹೋಗುವಂತೆಯೂ ಇರಲಿಲ್ಲ.

"ಮೊದಲನೇ ವರ್ಷ," ಎಂದಳು ಚಿನ್ಮಯಿ ಥಟ್ಟನೆ. "ಹಳೇ ಕಂಟ್ರೋಲರ್ ಇದ್ದಾಗ ಮೂರು ರನ್ ಮಾಡಿದ್ದೆ. ಏಳುನೂರೇ ಬಂದಿತ್ತು. ಆಮೇಲೆ ಹೊಸದ್ರಲ್ಲಿ ಬೇರೆ ಬಂತು ಅಂತ ಓಡಿ ಬಂದು ಕೇಳ್ದೆ. ನೀವೇನಂದ್ರಿ ನೆನಪಿದ್ಯಾ?"

ಅವನಿಗೆ ನೆನಪಾಯಿತು. ಆಗ ನಿನಗೆ ಕೈ ಕೂತಿರಲಿಲ್ಲ, ಬಿಡು ಎಂದಿದ್ದ. ಪ್ರೊಫೆಸರೂ ಹೌದೆಂದು ಆ ಮೂರು ಬಿಂದುಗಳನ್ನು ಚಿತ್ರದಿಂದ ತೆಗೆಸಿದ್ದರು.

"ನನ್ನ ಕೈ ಆಗಲೇ ಸರಿ ಇತ್ತು," ಎಂದು ಅವಳು ಎದ್ದು ಹೋದಳು. ಕೊಳವೆ ಒಡೆದು ನೋಡಲೂ ನಿಲ್ಲಲಿಲ್ಲ. ಒತ್ತಡ ಇಳಿದ ಮೇಲೆ ಬಸವರಾಜ ಹೊರತೆಗೆದ, ಹತ್ತು ದಿನ ಕಾದ ಚಿನ್ನದ ಕಾಳು ತಟ್ಟೆಯಲ್ಲಿ ಹಾಗೆಯೇ ಉಳಿಯಿತು.

ಆ ಭಾನುವಾರ ಸುಶೀಲಾ ಎರಡು ಗಂಟೆಯವರೆಗೂ ಎಲೆ ಹಾಕದೆ ಕಾದಳು. "ಹುಡುಗಿ ಯಾಕೆ ಬರ್ಲಿಲ್ಲ? ಫೋನೂ ಎತ್ತಲ್ಲ," ಎಂದಾಗ ಬಸವರಾಜ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ, ಚಿನ್ಮಯಿಗಾಗಿ ತೆಗೆದಿಟ್ಟಿದ್ದ ಹೋಳಿಗೆಯ ಮೇಲೆ ತಟ್ಟೆ ಮುಚ್ಚಿದಳು. "ನಾಳೆ ಮೊದಲು ಹೋಗಿ ಅವರ ಸರ್‌ಗೆ ಹೇಳಿ. ಅವಳ ಬಾಯಿಂದ ಬರೋದಕ್ಕೆ ಮೊದಲು."

ಸೋಮವಾರ ಹತ್ತಕ್ಕೆ ಅವನು ಪ್ರೊಫೆಸರ್ ಚಂದ್ರಮೋಹನರ ಕೋಣೆಯಲ್ಲಿದ್ದ. ಮೈಸೂರಿನ ಕಡೆಯ ಮೆಲುಮಾತಿನ ಮನುಷ್ಯ. ಕೇಳುತ್ತ ಕೇಳುತ್ತ ಅವರ ಕೈಯ ಪೆನ್ನು ಮೇಜಿನ ಮೇಲೆ ಅಡ್ಡಲಾಯಿತು.

"ಬೇರೆ ಯಾರಿಗೆ ಹೇಳಿದ್ದೀರಿ, ಬಸವರಾಜ್?"

"ಚಿನ್ಮಯಿಗೆ, ಸರ್."

"ಅವಳಿಗ್ಯಾಕೆ ಮೊದಲು ಹೇಳಿದ್ರಿ?" ಎಂದು ಅವರು ಹಣೆ ಒತ್ತಿಕೊಂಡರು. ಆಮೇಲೆ ಕಾರಿಡಾರಿನ ಕಡೆ ನೋಡಿ ದನಿ ತಗ್ಗಿಸಿದರು. "ನೋಡಿ, ಲೇಖನ ಪತ್ರಿಕೆಯವರ ಕೈಲಿದೆ. ನೀವು ಮುಂದಿನ ತಿಂಗಳು ಹೊರಡೋರು. ಅವಸರ ಬೇಡ. ಸೆಮಿನಾರ್ ಒಂದು ಮುಗೀಲಿ, ನಿಧಾನವಾಗಿ ಯೋಚನೆ ಮಾಡೋಣ."

ಬಸವರಾಜನಿಗೆ ಅದು ಯಾವ ಬಗೆಯ ನಿಧಾನ ಎಂದು ಅರ್ಥವಾಯಿತು. "ಸರ್, ಅವಳು..." ಎಂದು ಅವನು ಶುರುಮಾಡುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಚಿನ್ಮಯಿ. ಕಣ್ಣಿನ ಸುತ್ತ ಊದಿತ್ತು, ಕೂದಲು ಮಾತ್ರ ನೀಟಾಗಿ ಬಾಚಿತ್ತು. ಬಸವರಾಜನ ಕಡೆ ನೋಡದೆ ಒಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಹಳೆಯ ಚಿತ್ರವೇ, ಆದರೆ ಎಲ್ಲ ಬಿಂದುಗಳನ್ನೂ ಪಟ್ಟಿಗಳ ಪ್ರಕಾರ ಸರಿಸಿ ಮತ್ತೆ ಹಾಕಿದ್ದಳು. ಕಪ್ಪು ಗೆರೆಯ ಮೇಲೆ ನೀಲಿ ಬಿಂದುಗಳು ದಾರದಲ್ಲಿ ಪೋಣಿಸಿದಂತೆ ಕೂತಿದ್ದವು. ತೆಗೆಸಿಹಾಕಿದ್ದ ಆ ಮೂರು ಬಿಂದುಗಳೂ ಅಲ್ಲಿದ್ದವು. ಹಳದಿ ಬಣ್ಣಕ್ಕೆ ಜಾಗವೇ ಉಳಿದಿರಲಿಲ್ಲ.

"ಲೇಖನ ವಾಪಸ್ ತಗೊಳ್ಳಿ, ಸರ್," ಎಂದಳು. "ಸೆಮಿನಾರೂ ಬೇಡ."

ಪ್ರೊಫೆಸರರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. "ಎಷ್ಟು ಚೊಕ್ಕವಾಗಿ ಕೂತಿದೆ," ಎಂದರು, ಮನಸ್ಸಿಲ್ಲದ ಮೆಚ್ಚುಗೆಯಲ್ಲಿ. "ಒಂದು ಬಿಂದುವೂ ಆಚೀಚೆ ಇಲ್ಲ. ಆದರೆ ಇದ್ದದ್ದನ್ನೇ ಹೌದು ಅಂದ್ರೆ ಪಿಎಚ್‌ಡಿ ಕೊಡಲ್ಲಮ್ಮ."

"ಗೊತ್ತು ಸರ್."

"ಲಡಾಖಿನ ಕಲ್ಲಲ್ಲಿ ಸಿಗುವ ಲಾಸೋನೈಟ್ ಇಷ್ಟು ಶುದ್ಧ ಇರಲ್ಲ, ಸ್ವಲ್ಪ ಕಬ್ಬಿಣ ಇರುತ್ತೆ. ಕಬ್ಬಿಣ ಇದ್ರೆ ಎಷ್ಟು ತಾಳುತ್ತೆ ಅಂತ ಯಾರೂ ಸರಿಯಾಗಿ ನೋಡಿಲ್ಲ. ಆದರೆ ಅದು ಇನ್ನೂ ಒಂದೂವರೆ ವರ್ಷ." ಅವರು ಬಸವರಾಜನ ಕಡೆ ತಿರುಗಿದರು. "ಕೊಳವೆ ಬೆಸೆಯೋರು ಯಾರು? ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ."

ಯಾರೂ ಅವನನ್ನು ಇರು ಎನ್ನಲಿಲ್ಲ. ಚಿನ್ಮಯಿ ಮೇಜಿನ ಅಂಚನ್ನೇ ನೋಡುತ್ತಿದ್ದಳು.

"ನಾನು ಇರ್ತೀನಿ ಸರ್," ಎಂದ ಬಸವರಾಜ. "ಗುತ್ತಿಗೆ ಮೇಲಾದ್ರೂ ಸರಿ."

ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಸುಶೀಲಾ ಅಡುಗೆಮನೆಗೆ ಹೋದಳು. ಚಾಕು ತಂದು ಮೇಲಿನ ಡಬ್ಬಿಯ ಟೇಪ್ ಸೀಳಿದಳು. ಕುಕ್ಕರ್ ಹೊರತೆಗೆದಳು, ದೋಸೆ ಹಂಚು ತೆಗೆದಳು.

"ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಿ," ಎಂದಳು ಬೆನ್ನು ತಿರುಗಿಸಿಯೇ. "ನನ್ನ ಬಾಯಲ್ಲಿ ಬರಲ್ಲ. ಮೂವತ್ತು ವರ್ಷದಿಂದ ಆ ಪ್ರೆಸ್ಸಿಗೆ ನಾನು ಸವತಿ."

"ಒಂದೂವರೆ ವರ್ಷ ಅಷ್ಟೇ."

"ನಿಮ್ಮ ಲೆಕ್ಕ ನಂಗೊತ್ತಿಲ್ವಾ? ಅದಕ್ಕೊಂದು ನಲವತ್ತು ಸೇರಿಸಿಕೊಳ್ಳಬೇಕು."

ಅವನಿಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ. ಒಳಗಿನಿಂದ ಹರ್ಷಿಣಿ ಮಾತ್ರ ಒಮ್ಮೆ ಕಿಸಕ್ಕೆಂದು ಸುಮ್ಮನಾದಳು.

ಆಗಸ್ಟ್ ಮೊದಲ ವಾರ ಕಬ್ಬಿಣ ಬೆರೆಸಿದ ಪುಡಿ ಸಿದ್ಧವಾಯಿತು. ಬಸವರಾಜ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಉಸಿರು ಹಿಡಿದು, ಕೊಳವೆಯ ಎರಡೂ ಬಾಯಿ ಬೆಸೆದ. ತೂಕ ಮಾಡಿದ. ಒಳಗಿನ ನೀರಲ್ಲಿ ಎಳ್ಳಷ್ಟೂ ಹೋಗಿರಲಿಲ್ಲ. ಪ್ರೆಸ್ಸಿನಲ್ಲಿ ಕೂರಿಸಿ, ಪೆಟ್ಟಿಗೆಯ ಒಳಪುಟ ಹತ್ತರ ತಂತಿಗೇ ಇದೆಯೆಂದು ನೋಡಿ, ಪಂಪು ಜಗ್ಗಿ ಒತ್ತಡ ಏರಿಸಿದ. ಚಿನ್ಮಯಿ ಸ್ಟೂಲಿನ ಮೇಲೆ ಕೂತು ಬಿಸಿ ಏರುವುದನ್ನು ಓದಿ ಹೇಳತೊಡಗಿದಳು, ಪ್ರತಿ ಐವತ್ತಕ್ಕೊಮ್ಮೆ. ಅವನು ಅದನ್ನು ತಿರುಗಿ ಹೇಳಬೇಕು, ಆ ಕೋಣೆಯ ಪದ್ಧತಿ ಅದು.

"ಐನೂರು."

"ಐನೂರು."

"ಐನೂರ ಐವತ್ತು."

"ಐನೂರ ಐವತ್ತು."

ಭಾನುವಾರದ ಊಟಕ್ಕೆ ಅವಳು ಮತ್ತೆ ಬಂದಿರಲಿಲ್ಲ. ಕರೆದರೆ ಕ್ಲಾಸಿದೆ ಎನ್ನುತ್ತಿದ್ದಳು. ಇನ್ನು ಹತ್ತು ದಿನ ಇಬ್ಬರೂ ಈ ನಾಲ್ಕು ಗೋಡೆಯೊಳಗೆ, ಮಾರು ದೂರದಲ್ಲಿ. ಇದು ಮುಗಿದರೆ ಇನ್ನೊಂದು ಹತ್ತು, ಮತ್ತೊಂದು ಹತ್ತು.

"ಆರುನೂರು," ಎಂದು ಚಿನ್ಮಯಿ ನಿಲ್ಲಿಸಿದಳು. ಪುಸ್ತಕದಲ್ಲಿ ಬರೆದುಕೊಂಡು, ತಲೆ ಎತ್ತದೆ ಕೇಳಿದಳು, "ಒತ್ತಡ ಸರಿಯಾಗಿದೆಯಾ, ಸರ್?"

ಏಳು ವರ್ಷದಲ್ಲಿ ಅವಳು ಅವನನ್ನು ಸರ್ ಎಂದಿದ್ದು ಅದೇ ಮೊದಲು. ಬಸವರಾಜ ಗೇಜಿನ ಮುಳ್ಳನ್ನು ಒಮ್ಮೆ ನೋಡಿದ. ನಂಬಿಕೆ ಬರದೆ ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಇನ್ನೊಮ್ಮೆ ನೋಡಿದ.

"ಸರಿ ಇದೆ," ಎಂದ. "ನೀನೂ ಒಂದು ಸಲ ಬಂದು ನೋಡಮ್ಮ."

ಅವಳು ಎದ್ದು ಬಂದು ನೋಡಿದಳು. ಬರೆದುಕೊಂಡಳು. ತಿರುಗಿ ಹೋಗಿ ಸ್ಟೂಲಿನ ಮೇಲೆ ಕೂತಳು.